ನೀರು ಬಿಡುವ ಶಿವರಾಯನ ಕಿವಿ

ಕಾಸಾರಶಿರಸಿಯಿಂದ ಅರ್ಧ ತಾಸು ನಡೆದರೆ ಸಿಗುವ ಆ ಊರಲ್ಲಿ ನಲ್ಲಿಗೆ ನೀರು ಬಿಡುವವನು ಶಿವರಾಯ. ಎದೆಯುದ್ದದ ಕಬ್ಬಿಣದ ಚಾವಿ, ಮೇಲೆ ಅಡ್ಡ ಹಿಡಿಕೆ, ಕೆಳಗೆ ಚೌಕ ಬಾಯಿ. ಅದನ್ನು ಹೆಗಲಿಗೇರಿಸಿ ಬೆಳಗ್ಗೆ ಅವನು ಮುಂದೆ ಹೊರಟರೆ, ಚಹದ ಕಿಟ್ಲಿ ಹಿಡಿದು ಹೆಂಡತಿ ತುಳಜಾಬಾಯಿ ಹಿಂದೆ. ಇಪ್ಪತ್ತೆಂಟು ವರ್ಷ ಅವನು ಒಬ್ಬನೇ ತಿರುಗಿದ್ದ. ಆಕೆ ಜೊತೆಗೂಡಿದ್ದು ಈಗೆರಡು ವರ್ಷದಿಂದ.

"ಏನ್ ಶಿವರಾಯ, ವಯಸ್ಸಾದಂಗ ಪಿರೂತಿ ಉಕ್ಕಲತದಲ್ಲೋ!" ಎಂದು ಕಟ್ಟೆಯ ಮೇಲಿನವರು ಛೇಡಿಸುತ್ತಿದ್ದರು. ಶಿವರಾಯ ನಕ್ಕು ಮುಂದೆ ಹೋಗುತ್ತಿದ್ದ. ನಾಚಿಕೊಂಡ ಎಂದು ಅವರು ತಿಳಿದರು. ಅವನಿಗೆ ಕೇಳಿಸಿರಲೇ ಇಲ್ಲ.

ಎರಡು ವರ್ಷದ ಹಿಂದೆ ಜ್ವರ ಬಂದು ಹದಿನೈದು ದಿನ ಮಲಗಿದ್ದ. ಜ್ವರ ಇಳಿಯಿತು, ಕಿವಿಯನ್ನೂ ಒಯ್ದಿತು. ಉದಗೀರದ ಡಾಕ್ಟರು ತಲೆ ಅಲ್ಲಾಡಿಸಿದರು. ಬಸ್ಸಿನಲ್ಲಿ ಬರುವಾಗ ಅವನು ತುಳಜಾಬಾಯಿಯ ಕೈ ಹಿಡಿದು ಹೇಳಿದ್ದು ಒಂದೇ ಮಾತು.

"ಊರಾಗ ಯಾರಿಗೂ ಹೇಳಬ್ಯಾಡ. ಚಾವಿ ಕಸಗೋತಾರ. ಚಾವಿ ಹೋದ ಮ್ಯಾಲ ನಾ ಮನ್ಯಾಗ ಕುಂತು ಏನ್ ಮಾಡ್ಲಿ?"

ನೀರು ಬಿಡುವವನಿಗೆ ಕಿವಿ ಯಾಕೆ ಬೇಕು ಎಂದು ನೀವು ಕೇಳಬಹುದು. ತುಳಜಾಬಾಯಿಗೂ ಮೊದಲು ಗೊತ್ತಿರಲಿಲ್ಲ. ಅವನೇ ಕೂಡಿಸಿಕೊಂಡು ಹೇಳಿಕೊಟ್ಟ. ಹೇಳುವಾಗ ನೆಂಟರ ಗುಣ ಹೇಳುವವನ ಹಾಗೆ ಹೇಳುತ್ತಿದ್ದ. ಬೋರಿನ ಬಳಿಯ ವಾಲ್ವಿನೊಳಗೆ ಒಂದು ರೆಪ್ಪೆಯಿದೆ. ನೀರು ಮೇಲೆ ಹೋಗುವಾಗ ತೆರೆಯುತ್ತದೆ, ತಿರುಗಿ ಬರುತ್ತೇನೆಂದರೆ ಬಾಗಿಲು ಹಾಕುತ್ತದೆ. ದಿನ್ನೆಯ ಮೇಲಿನದು ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡುತ್ತದೆ, ಹಾಲು ಕುಡಿದ ಕೂಸಿಗೆ ತೇಗು ಬರಿಸಿದ ಹಾಗೆ. ನೀರಿನ ಟಾಕಿಯೊಳಗೆ ತೇಲುವ ಗುಂಡು ಇದೆ, ನೀರು ಕಂಠಮಟ್ಟ ಬಂದಿತೆಂದರೆ ತಾನೇ ಬಾಯಿ ಮುಚ್ಚಿಸುತ್ತದೆ. ಟಾಕಿಯ ಬುಡದಲ್ಲಿರುವುದು ತೊಳೆದ ರಾಡಿ ಹೊರಗೆ ಬಿಡಲಿಕ್ಕೆ. ಇವು ಯಾವುವೂ ದಿನಾ ತಂಟೆ ಮಾಡುವುದಿಲ್ಲ.

ತಂಟೆ ಓಣಿಯ ವಾಲ್ವುಗಳದು. ನೆಲದೊಳಗೆ ಕುಣಿ, ಕುಣಿಯಲ್ಲಿ ವಾಲ್ವು, ಅದರ ಹೊಟ್ಟೆಯಲ್ಲಿ ಒಂದು ಕಬ್ಬಿಣದ ಹಲಗೆ. ಚಾವಿ ಹದಿಮೂರು ಸುತ್ತು ತಿರುಗಿಸಿದರೆ ಹಲಗೆ ಪೂರ್ತಿ ಮೇಲೆ ಹೋಗಿ ನೀರಿಗೆ ದಾರಿ. ಹದಿಮೂರು ಸುತ್ತು ಹಿಂದಕ್ಕೆ ತಿರುಗಿಸಿದರೆ ಬಂದ್. ಅವಸರ ಮಾಡಿ ಮುಚ್ಚಿದರೆ ಓಡುವ ನೀರು ಒಮ್ಮೆಲೇ ಮುಗ್ಗರಿಸಿ ಕೊಳವೆಯನ್ನು ಗುದ್ದುತ್ತದೆ, ಜೋಡಣೆ ಬಿಚ್ಚುತ್ತದೆ. ಅರ್ಧಕ್ಕೆ ಬಿಟ್ಟರೆ ನೀರು ಹಲಗೆಯ ಅಂಚನ್ನೇ ಸವೆಸುತ್ತದೆ. ಹಲಗೆ ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಕೂರದಿದ್ದರೆ ಕುಣಿಯೊಳಗಿಂದ ಸಣ್ಣಗೆ ಸುಂಯ್ ಎನ್ನುತ್ತದೆ. ಹಾಗೇ ಬಿಟ್ಟರೆ ಕೆಳಗಿನ ಓಣಿಗೆ ಹೋಗಬೇಕಾದ ನೀರು ಅಲ್ಲಿಯೇ ಸೋರಿ, ಕಡೆಯ ಮನೆಯವರ ಕೊಡ ಒಣಗುತ್ತದೆ. ಆ ಸುಂಯ್ ಈಗ ಶಿವರಾಯನಿಗೆ ಕೇಳುತ್ತಿರಲಿಲ್ಲ.

ಅದಕ್ಕೆ ಆಕೆ ಕುಣಿಯ ಅಂಚಿಗೆ ಕೂತು ಕೇಳಬೇಕು. ಊರ ನಡುವೆ ಕೂಗುವಂತಿಲ್ಲ, ಕೂಗಿದರೂ ಅವನಿಗೆ ಮುಟ್ಟುವಂತಿಲ್ಲ. ಇಬ್ಬರೂ ಸೇರಿ ಸನ್ನೆ ಮಾಡಿಕೊಂಡರು. ಸೆರಗು ತಲೆಯ ಮೇಲೆ ಎಳೆದುಕೊಂಡರೆ, ಇನ್ನೂ ಸೋರುತ್ತಿದೆ, ಬಿಗಿ ಮಾಡು. ಕೈ ಮೊಳಕಾಲ ಮೇಲೆ ಇಟ್ಟರೆ, ಸಾಕು. ನೋಡಿದವರಿಗೆ ಹೆಂಗಸೊಬ್ಬಳು ಸೆರಗು ಸರಿ ಮಾಡಿಕೊಂಡಂತೆ ಕಾಣುತ್ತಿತ್ತು, ಅಷ್ಟೇ. ಎರಡು ವರ್ಷದಲ್ಲಿ ಕಡೆಯ ಮನೆಯವರೂ ನೀರಿಲ್ಲ ಎಂದವರಲ್ಲ.

ಆ ದಿನ ಮಠದ ಓಣಿಯ ಪಾಳಿ ಮುಗಿದಿತ್ತು. ಶಿವರಾಯ ವಾಲ್ವು ಮುಚ್ಚುತ್ತಿದ್ದ. ಹನ್ನೆರಡು ಸುತ್ತು ಆಗಿತ್ತು. ಅಷ್ಟರಲ್ಲಿ ಅವನ ಬೆನ್ನ ಹಿಂದಿನಿಂದ ಅದೇ ಓಣಿಯ ವಿಶ್ವನಾಥಪ್ಪ ಬಂದ. ಶಿವರಾಯನ ದೊಡ್ಡಪ್ಪನ ಮಗ, ಪಂಚಾಯಿತಿಯ ಹಿರಿಯ, ತುಳಜಾಬಾಯಿಗೆ ಭಾವ. ಆಳಂದದ ಕಡೆಯ ತವರಿನಿಂದ ಬಂದು ಮೂವತ್ತು ವರ್ಷವಾದರೂ ಆಕೆ ಅವನೆದುರು ಬಾಯಿ ತೆರೆದವಳಲ್ಲ. ಕಂಡ ಕೂಡಲೇ ಆಕೆಯ ಕೈ ತಾನೇ ಸೆರಗನ್ನು ತಲೆಯ ಮೇಲೆ ಎಳೆಯಿತು.

ಶಿವರಾಯ ಅದನ್ನು ನೋಡಿದ. ಬಿಗಿ ಮಾಡಿದ.

"ಏ ಶಿವರಾಯ, ಬಂದ್ ಮಾಡಬ್ಯಾಡ! ಇವತ್ತು ನಮ್ಮ ಮಗ ಧನರಾಜನ ಕೂಸಿಗಿ ತೊಟ್ಟಲದಾಗ ಹಾಕ್ತೀವಿ. ಬೀಗರು ಬಂದಾರ, ಇನ್ನೊಂದು ತಾಸು ನೀರ ಬೇಕು!"

ಶಿವರಾಯ ಇನ್ನಷ್ಟು ಬಿಗಿ ಮಾಡಿದ. ತುಳಜಾಬಾಯಿಯ ಒಂದು ಕೈಯಲ್ಲಿ ಸುಡುವ ಕಿಟ್ಲಿ, ಇನ್ನೊಂದರಲ್ಲಿ ಸೆರಗು. ಭಾವನೆದುರು ಸೆರಗು ಬಿಡುವುದು ಹೇಗೆ? ಕಣ್ಣಲ್ಲೇ ಬೇಡ ಎಂದಳು. ಶಿವರಾಯನ ಕೈ ಅವನಿಗೆ ಹೇಳುತ್ತಿತ್ತು, ಹಲಗೆ ಕೂತಿದೆ, ಸಾಕು ಎಂದು. ಆದರೆ ಅವನು ತನ್ನ ಕೈಗಿಂತ ಆಕೆಯ ಸೆರಗನ್ನೇ ಹೆಚ್ಚು ನಂಬಿದ್ದ. ಉಸಿರು ಕಟ್ಟಿ ಇನ್ನೊಮ್ಮೆ ಒತ್ತಿದ.

ಕಟಕ್ ಎಂದಿತು. ಒಳಗಿನ ದಂಡ ಮುರಿದು ಚಾವಿ ಗಿರಗಿರ ತಿರುಗತೊಡಗಿತು. ಹಲಗೆ ಕೆಳಗೇ ಉಳಿಯಿತು, ಇನ್ನು ಓಣಿಗೆ ನೀರಿಲ್ಲ.

ವಿಶ್ವನಾಥಪ್ಪ ಅವನ ಭುಜ ಹಿಡಿದು ತಿರುಗಿಸಿದ. "ಆಗಿಂದ ಒದರ್ಲತ್ತೀನಿ! ತಲಿ ಎಲ್ಲಿಟ್ಟೀದಿ? ಕೂಸಿನ ಕಾರ್ಯದ ದಿನನೇ ಓಣಿ ನೀರ ಮುಚ್ಚಿದಿ. ಕೊಡಿಲ್ಲಿ ಚಾವಿ!"

ಅವನ ಮುಖ ನೋಡಿ ಶಿವರಾಯನಿಗೆ ಅರ್ಧ ತಿಳಿಯಿತು. ಚಾವಿ ಕೊಟ್ಟ. ಆಮೇಲೆ ಉಳಿದರ್ಧವನ್ನು ತುಳಜಾಬಾಯಿಯ ಸನ್ನೆಯಿಂದ ತಿಳಿದು, ಬರಿಗೈಯಲ್ಲಿ ಟಾಕಿಗೆ ನಡೆದು, ಬುಡದ ವಾಲ್ವಿನ ಗಾಲಿ ತಿರುಗಿಸಿ, ಮೊದಲ ರಾಡಿ ಹೋದ ಮೇಲೆ ತಿಳಿನೀರನ್ನು ಧನರಾಜನ ಟ್ರ್ಯಾಕ್ಟರಿನ ಡ್ರಮ್ಮುಗಳಿಗೆ ತುಂಬಿಸಿಕೊಟ್ಟ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತ. ಊಟಕ್ಕೆ ಎದ್ದೇಳಲಿಲ್ಲ. "ಸೆರಗು ಎಳಿದಿಯಲ್ಲ" ಎಂದು ಒಂದು ಮಾತು ಬೈದಿದ್ದರೂ ತುಳಜಾಬಾಯಿಗೆ ಹಗುರವಾಗುತ್ತಿತ್ತು. ಅದನ್ನೂ ಅವನು ಅನ್ನಲಿಲ್ಲ.

ಸಂಜೆಮುಂದೆ ಆಕೆ ವಿಶ್ವನಾಥಪ್ಪನ ಮನೆಗೆ ಹೋದಳು. ಬೀಗರು ಹೋಗಿದ್ದರು. ಅವನು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ, ಚಾವಿ ಕಂಬಕ್ಕೆ ಒರಗಿತ್ತು. ತುಳಜಾಬಾಯಿ ಒಳಬಾಗಿಲಲ್ಲಿ ನಿಂತು ಅವನ ಹೆಂಡತಿ ಗೌರಾಬಾಯಿಗೆ ಹೇಳಿದಳು.

"ಯಕ್ಕಾ, ಭಾವೋರಿಗಿ ಹೇಳ್ರಿ, ತಪ್ಪು ಅವರದಲ್ಲ, ನಂದು."

ಗೌರಾಬಾಯಿ ಎರಡು ಮಾರಿನಾಚೆ ಕೂತ ಗಂಡನ ಕಡೆ ತಿರುಗಿದಳು. "ಕೇಳಿದ್ರೇನು? ತಪ್ಪು ತನ್ನದು ಅಂತಾಳ."

"ಈಕಿ ಚಾವಿ ತಿರುವಿದಳೇನಂತ ಕೇಳು."

"ನೀ ತಿರುವಿದೇನಂತ ಕೇಳ್ತಾರ ನೋಡು."

"ತಿರುವಿದವರು ಅವರ. ತಿರುವು ಅಂದಾಕಿ ನಾನು. ಭಾವೋರು ಬಂದಾರಂತ ಸೆರಗು ಎಳಕೊಂಡೆ. ಅದು ನಮ್ಮ ಸನ್ನಿರಿ."

"ಅದು ಅವರ ಸನ್ನಿ ಅಂತ..."

"ಏ, ನೀ ಸುಮ್ನ ಕೂಡು!" ವಿಶ್ವನಾಥಪ್ಪ ಸಿಡುಕಿದ. "ಆಕಿ ಅಂದದ್ದು ನೀ ಅನ್ನಬೇಕೇನು? ನಾ ಏನ್ ಕಿವುಡ ಇದ್ದೀನೇನು?"

ತುಳಜಾಬಾಯಿ ಬಾಗಿಲು ದಾಟಿ ಪಡಸಾಲೆಗೆ ಬಂದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಭಾವನ ಮುಖ ನೋಡಿ ಹೇಳಿದಳು.

"ನೀವಲ್ಲರಿ. ಅವರು. ಎರಡು ವರ್ಷ ಆಯ್ತು."

ವಿಶ್ವನಾಥಪ್ಪನ ಬಾಯಲ್ಲಿ ಎಲೆ ಹಾಗೇ ನಿಂತಿತು. "ಮತ್ತ ಇಷ್ಟು ದಿನ ನೀರ ಹ್ಯಾಂಗ ಬಿಟ್ಟ?"

"ಕೈ ಅವರದು. ಕೇಳಾಕಿ ನಾನು. ಚಾವಿ ಕಸಗೊಂಡ್ರ ಅವರು ಉಣ್ಣಂಗಿಲ್ಲರಿ."

ಅವನು ಎದ್ದು ಅಂಗಳಕ್ಕೆ ಎಲೆ ಉಗುಳಿ ಬಂದ. "ನಾಳಿ ನಿಲಂಗಾದಿಂದ ಫಿಟ್ಟರ ಬರ್ತಾನ. ಇಬ್ರೂ ಬರ್ರಿ. ನೋಡಾಮಿ" ಎಂದ, ಅಷ್ಟೇ.

ಮರುದಿನ ಫಿಟ್ಟರ ಗುರುನಾಥ ಹೊಸ ವಾಲ್ವು ಕೂಡಿಸಿದ. ನೀರು ಬಿಟ್ಟು ನೋಡಿ, ಮುಚ್ಚಿ, ಕೈ ಒರೆಸಿಕೊಂಡು "ಪಕ್ಕಾ ಬಂದ್" ಎಂದ. ಓಣಿಯವರೆಲ್ಲ ನಿಂತಿದ್ದರು. ತುಳಜಾಬಾಯಿ ಕುಣಿಯ ಅಂಚಿಗೆ ಕೂತು ತಲೆ ಬಗ್ಗಿಸಿದಳು.

"ಇಲ್ಲ. ಸುಂಯ್ ಅನ್ಲತದ."

"ಬಾಯಿ, ಹೊಸಾ ಮಾಲ್ ಅದರಿ ಇದು" ಎಂದು ಗುರುನಾಥ ನಕ್ಕ.

ಶಿವರಾಯ ಆಕೆಯ ಮುಖ ನೋಡಿದ. ಆಕೆ ಬೆರಳಿಂದ ಬೆರಳು ತಿಕ್ಕಿ, ಒಳಗೆ ಕಲ್ಲಿನ ಚೂರು ಸಿಕ್ಕಿದೆ ಎಂದು ತೋರಿಸಿದಳು. ಹರಳು. ಅವನು ಫಿಟ್ಟರನ ಚಾವಿ ಕೇಳದೆ ಇಸಿದುಕೊಂಡು, ಎರಡು ಸುತ್ತು ತೆರೆದು, ನೀರು ರಭಸದಿಂದ ನುಗ್ಗಲು ಬಿಟ್ಟು, ಮೆಲ್ಲಗೆ ಮುಚ್ಚಿದ. ಆಕೆ ಕೈ ಮೊಳಕಾಲ ಮೇಲೆ ಇಟ್ಟಳು. ಗುರುನಾಥ ಬಗ್ಗಿ ಕಿವಿಯಿಟ್ಟ. ಓಣಿಯ ತುದಿಯ ನಲ್ಲಿಗೆ ಹೋಗಿ ನೋಡಿ ಬಂದ. ಅಲ್ಲಿ ತೊಟ್ಟಿಕ್ಕುತ್ತಿದ್ದುದು ನಿಂತಿತ್ತು.

"ಕೊಳಿವ್ಯಾಗಿನ ಹರಳು ಹಲಿಗಿ ಕೆಳಗ ಸಿಕ್ಕಿತ್ತು. ಖರೇ ಅಂದಾರ ಬಾಯಿ" ಎಂದ.

ವಿಶ್ವನಾಥಪ್ಪ ಮನೆಯಿಂದ ಹಳೆಯ ಚಾವಿ ತರಿಸಿ ಶಿವರಾಯನ ಹೆಗಲ ಮೇಲೆ ತಾನೇ ಇಟ್ಟ. ಆಮೇಲೆ ಅವನ ಕಿವಿಯ ಹತ್ತಿರ ಬಂದು ಊರಿಗೆಲ್ಲ ಕೇಳುವಂತೆ ಒದರಿದ.

"ನಾಳಿ ನಮ್ಮ ಓಣಿಗಿ ಮೊದಲ ಬಿಡು!"

ಅಂದಿನಿಂದ ಊರಿನವರೆಲ್ಲ ಅವನಿಗೆ ಒದರಿಯೇ ಮಾತಾಡುತ್ತಾರೆ. ಕಟ್ಟೆಯವರು ಒದರುತ್ತಾರೆ, ಕೊಡ ಹೊತ್ತವರು ಒದರುತ್ತಾರೆ. ಶಿವರಾಯ ಮನೆಗೆ ಬಂದು ಚಾವಿ ಮೂಲೆಗಿಟ್ಟು, ಹೆಂಡತಿಯ ಮುಂದೆ ದೂರುತ್ತಾನೆ.

"ಎಲ್ಲಾರೂ ಮಾರಿ ಮ್ಯಾಲ ಉಗುಳು ಹಾರಸ್ತಾರಲ್ಲೇ! ಮೆಲ್ಲಕ ಅಂದ್ರ ನನಗೇನು ಕಮ್ಮಿ ಕೇಳಸ್ತದೇನು?"

ತುಳಜಾಬಾಯಿ ಬಿದ್ದು ಬಿದ್ದು ನಗುತ್ತಾಳೆ, ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಾಳೆ.