ಗಿರಿಜಾ ಕತ್ತರಿಸಿದ ಮದುವೆ ರವಿಕೆ

ಗಿರಿಜಾ, ಆ ಮದುವೆ ರವಿಕೆ ಕೆಟ್ಟಿರಲಿಲ್ಲ. ಕೆಟ್ಟಿತ್ತು ಎಂದು ನಾನು ನಿನಗೆ ಸುಳ್ಳು ಹೇಳಿದೆ.

ನೆನಪಿದೆಯಲ್ಲ — ನಾನು ಜ್ವರ ಬಂದು ಮಲಗಿದ್ದೆ. ನಮ್ಮ ಸಾಗರದ ಟೈಲರಿಂಗ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ನಾನೊಬ್ಬಳೇ, ನೀನು ಹೊಲಿಯುವವಳು. ಆ ಕಟ್ಟಳೆ ಮಾಡಿದವಳೂ ನಾನೇ. ಗಿರಾಕಿ ಹುಡುಗಿಯ ಮದುವೆಯ ದಿನ ಹತ್ತಿರ ಬಂತೆಂದು ನೀನು ಧೈರ್ಯ ಮಾಡಿ ರೇಷ್ಮೆಗೆ ಕತ್ತರಿ ಹಾಕಿದೆ. ಹೊಲಿದು ಕೊಟ್ಟೂಬಿಟ್ಟೆ. ಮದುವೆ ಮುಗಿದ ಮೇಲೆ, ನೀನು ರಜೆಯಲ್ಲಿದ್ದ ದಿನ, ಹುಡುಗಿಯ ತಾಯಿ ಬಂದರು.

"ತೋಳು ಎಷ್ಟ್ ಚಂದ ಕೂತಿತ್ತು. ನಿಮ್ಮ ಕೈಲಿ ಇದುವರೆಗೆ ಹಿಂಗೆ ಬಂದಿರ್ಲಿಲ್ಲ ಬಿಡಿ."

ಕತ್ತರಿಸಿದವಳು ನೀನೆಂದು ಹೇಳದೆ ಆ ಹೊಗಳಿಕೆಯನ್ನು ನಾನೇ ಇಟ್ಟುಕೊಂಡೆ. ಹೊಟ್ಟೆಕಿಚ್ಚು — ಅದಕ್ಕಿಂತ ಹೆದರಿಕೆ. ಹೊಸನಗರದ ಬಸ್ ಸ್ಟ್ಯಾಂಡ್ ಹತ್ತಿರ, ನಿನ್ನ ಮನೆಗೆ ನಡೆದುಹೋಗುವಷ್ಟು ದೂರದಲ್ಲಿ, ಒಂದು ಮಳಿಗೆ ಖಾಲಿಯಿದೆ ಎಂದು ನೀನು ಹಿಂದಿನ ವಾರವಷ್ಟೇ ಹೇಳಿದ್ದೆ. ನೀನು ಹೋದರೆ ಗಿರಾಕಿಗಳೂ ಹೋಗುತ್ತಾರೆ. ಹೋಗಲಿ, ಮಧ್ಯಾಹ್ನ ನನ್ನ ಬುತ್ತಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ಎಗರಿಸುವವರು ಯಾರು?

ಮರುದಿನ ನಾನು ನಿನಗೆ ಹೇಳಿದೆ: "ತೋಳು ಹಿಡೀತಿತ್ತಂತೆ ಕಣೇ. ನಾನೇ ಬಿಚ್ಚಿ ಸರಿಮಾಡಿ ಕಳಿಸ್ದೆ."

ನೀನು ತಲೆ ತಗ್ಗಿಸಿದೆ. "ಹಂಗಾರೆ ಅಂಗಡಿ ಆಸೆ ಬ್ಯಾಡ ಬಿಡಕ್ಕ. ನಿಮ್ಮ ಕೈಕೆಳಗೇ ಇರ್ತೀನಿ."

ಆಳಾಗಿ ದುಡಿ, ಅರಸಾಗಿ ಉಣ್ಣು ಎಂದು ಗಾದೆ ಬೇರೆ ಹೇಳಿ ಸಮಾಧಾನ ಮಾಡಿದೆನಲ್ಲ — ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಹನ್ನೊಂದು ವರ್ಷ ನೀನು ದಿನಾ ಬಸ್ಸು ಹತ್ತಿ ಬಂದೆ, ಮತ್ತೆ ಕತ್ತರಿ ಮುಟ್ಟಲಿಲ್ಲ. ತಿಂಗಳ ಸಂಬಳ ತಪ್ಪಲಿಲ್ಲ, ಭಾನುವಾರ ರಜೆ, ಗಿರಾಕಿಗಳ ಕಿರಿಕಿರಿಯೆಲ್ಲ ನನಗೇ — ನಿನಗೆ ಒಳ್ಳೆಯದೇ ಆಯಿತೆಂದು ನನಗೆ ನಾನೇ ಹೇಳಿಕೊಂಡೆ. ಆಗಿರಲೂಬಹುದು. ಆದರೆ ಯಾವುದು ಒಳ್ಳೆಯದೆಂದು ತೂಗಿ ನೋಡಬೇಕಾದವಳು ನೀನು. ನಾನು ತಕ್ಕಡಿಯನ್ನೇ ಒತ್ತಿ ಹಿಡಿದಿದ್ದೆ.

ಆ ಮಳಿಗೆ ಮತ್ತೆ ಖಾಲಿಯಾಗಿದೆ ಎಂದು ಮೊನ್ನೆ ನೀನು ನಗುತ್ತ ಹೇಳಿದೆ. "ಕಟಿಂಗ್ ನಂಗೆಲ್ಲಿ ಬರ್ತದೆ, ಅಲ್ವಾ ಅಕ್ಕ?" ಎಂದೂ ಕೇಳಿದೆ. ಕತ್ತರಿ ಸಾಣೆಗೆ ಕೊಡಬೇಕೆಂದು ನೆಪ ಹೇಳಿ ನಾನು ಎದ್ದು ಹೋದೆ. ನಿನ್ನ ಮುಖ ನೋಡಲಾಗಲಿಲ್ಲ.

ನಾಳೆ ಅದೇ ತಾಯಿ ಎರಡನೆಯ ಮಗಳ ಮದುವೆ ರವಿಕೆ ಹೊಲಿಸಲು ಬರುತ್ತಾರೆ. ಅಂದು ಕತ್ತರಿಸಿದವಳು ಇವಳು, ನಾನಲ್ಲ ಎಂದು ನಿನ್ನೆದುರಿಗೇ ಅವರಿಗೆ ಹೇಳುತ್ತೇನೆ. ತೋಳು ಹೇಗೆ ಕೂತಿತ್ತೆಂದು ಅವರ ಬಾಯಿಂದಲೇ ಕೇಳು. ಅಳತೆ ನೀನೇ ತೆಗೆದುಕೋ. ಬಟ್ಟೆಯನ್ನು ಹೊಸನಗರದ ಆ ಮಳಿಗೆಗೇ ಒಯ್ಯುವುದಾದರೆ ಒಯ್ಯಿ, ಮಾರಾಯ್ತಿ. ನಾನು ಅಳಬಹುದು — ನಿನ್ನನ್ನು ತಡೆಯುವುದಿಲ್ಲ.