ಟೆಸ್ಟ್ ಅಕ್ಕ ನುಂಗಿದ ಮಾತು

ನಮ್ಮ ಟೆಸ್ಟ್ ಅಕ್ಕ ನೋಡುವುದಕ್ಕೆ ಏನೂ ವಿಶೇಷವಿಲ್ಲದ ಹೆಂಗಸು. ಕುಳ್ಳು, ಸ್ವಲ್ಪ ದಪ್ಪ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದಾರೆ. ಹೆಗಲಲ್ಲಿ ನೀಲಿ ಚೀಲ. ಬಸ್ಸಿನಲ್ಲಿ ಜನ ಇವರನ್ನು ಶಾಲೆಯ ಟೀಚರ್ ಅಂದುಕೊಂಡು ಎದ್ದು ಸೀಟು ಬಿಡುತ್ತಾರೆ. ಚೀಲದಲ್ಲಿ ಏನಿದೆ ಎಂದು ಗೊತ್ತಾದರೆ ಬಸ್ಸನ್ನೇ ಬಿಟ್ಟು ಇಳಿಯುತ್ತಾರೆ.

ಇರುವುದು ರಕ್ತ ಪರೀಕ್ಷೆಯ ಸಾಮಾನು. ಬೆರಳು ಚುಚ್ಚುವ ಪುಟ್ಟ ಸೂಜಿ, ಹತ್ತಿ, ಸ್ಪಿರಿಟ್, ಕೈಗವಸು, ಪ್ಲಾಸ್ಟಿಕ್ ಪಟ್ಟಿಗಳು. ಪಟ್ಟಿಯ ಮೇಲೆ ಒಂದು ಹನಿ ರಕ್ತ ಬಿಟ್ಟು ಕಾದರೆ ಗೆರೆ ಮೂಡುತ್ತದೆ. ಒಂದೇ ಗೆರೆಯಾದರೆ ಕಾಯಿಲೆ ಇಲ್ಲ. ಎರಡಾದರೆ ಇರಬೇಕು, ದೊಡ್ಡಾಸ್ಪತ್ರೆಯಲ್ಲಿ ಇನ್ನೊಂದು ಪರೀಕ್ಷೆ ಆಗಬೇಕು. ಒಂದು ಪಟ್ಟಿ ಎಚ್‌ಐವಿಗೆ, ಇನ್ನೊಂದು ಹೆಪಟೈಟಿಸ್ ಸಿ ಎಂಬ ಲಿವರ್ ಸೋಂಕಿಗೆ. ಎರಡೂ ಸೂಜಿ ಹಂಚಿಕೊಂಡರೆ ಹರಡುತ್ತವೆ. ಡ್ರಗ್ಸ್ ಚುಚ್ಚಿಕೊಳ್ಳುವ ಹೆಂಗಸರು ಎಲ್ಲಿರುತ್ತಾರೋ ಅಲ್ಲಿಗೇ ಹೋಗಿ ಪರೀಕ್ಷೆ ಮಾಡುವುದು ಅಕ್ಕನ ಕೆಲಸ. ಅವರ ಜೊತೆ ಹೋಗಿ ಬಾಗಿಲು ತೆರೆಸುವುದು ನನ್ನ ಕೆಲಸ. ನನಗೆ ತೆರೆಯುತ್ತಾರೆ, ಯಾಕೆಂದರೆ ನಾನೂ ಅದೇ ಬಾಗಿಲ ಒಳಗಿದ್ದವಳು.

ಅವರೇ ಆಸ್ಪತ್ರೆಗೆ ಬರಬಾರದಾ ಎಂದು ಕೇಳುವ ಜಾಣರಿದ್ದಾರೆ. ನಾನು ಹೋಗಿದ್ದೆ. ಚೀಟಿ ಬರೆಯುವವನು ನನ್ನ ತೋಳು ನೋಡಿ ಪೆನ್ನು ಕೆಳಗಿಟ್ಟ. ನರ್ಸಮ್ಮ ಕೈಗವಸಿನ ಮೇಲೆ ಕೈಗವಸು ಹಾಕಿಕೊಳ್ಳುತ್ತಾ, ಮಕ್ಕಳಿದಾವಾ, ನಾಚಿಕೆ ಆಗಲ್ವಾ ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ವಿಚಾರಿಸಿದರು. ಗಂಡಸಾದರೆ ಕೆಟ್ಟವನು ಅಂತಾರೆ, ಅಲ್ಲಿಗೆ ಮುಗಿಯಿತು. ಹೆಂಗಸಾದರೆ ಕೆಟ್ಟ ಮಗಳು, ಕೆಟ್ಟ ಹೆಂಡತಿ, ಕೆಟ್ಟ ತಾಯಿ ಎಂದು ಮೂರು ಬಿರುದು ಒಟ್ಟಿಗೆ ಕೊಡುತ್ತಾರೆ. ನಾನು ಚೀಟಿ ಅಲ್ಲೇ ಬಿಟ್ಟು ಬಂದೆ.

ಅಕ್ಕ ಮೊದಲು ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದವರು. ಯಜಮಾನರದು ಬೀಗ ರಿಪೇರಿ ಅಂಗಡಿ. ಒಬ್ಬಳೇ ಮಗಳು. ಮಗಳು ಚುಚ್ಚಿಕೊಳ್ಳಲು ಶುರು ಮಾಡಿದ್ದು ಗೊತ್ತಾದ ದಿನ ಯಜಮಾನರು ಅವಳನ್ನು ಕೋಣೆಗೆ ಹಾಕಿ, ಅಂಗಡಿಯಲ್ಲಿದ್ದ ಅತಿ ಗಟ್ಟಿ ಬೀಗ ತಂದು ಜಡಿದರು. ಬೀಗದ ಅಂಗಡಿಯಲ್ಲಿ ಆಡಿ ಬೆಳೆದ ಹುಡುಗಿಗೆ ಬೀಗ ಒಂದು ಲೆಕ್ಕವೇ? ಬೆಳಗಾಗುವಷ್ಟರಲ್ಲಿ ಬೀಗ ಬಿಚ್ಚಿ, ಅದನ್ನು ನೀಟಾಗಿ ಹೊಸ್ತಿಲ ಮೇಲಿಟ್ಟು ಹೋಗಿದ್ದಳು. ಈ ಕಥೆಯನ್ನು ಅಕ್ಕ ನಗುತ್ತಲೇ ಹೇಳುತ್ತಾರೆ. ಅಳುವುದು ಯಾವತ್ತೋ ನಿಂತುಹೋಗಿದೆ.

ಅವಳು ಬಂದು ಸೇರಿದ್ದು ನಮ್ಮ ಕೋಣೆಗೆ. ಮುಚ್ಚಿಹೋದ ಪ್ರಿಂಟಿಂಗ್ ಪ್ರೆಸ್ಸಿನ ಮಹಡಿ. ಕಿಟಕಿಗೆ ಗಾಜಿನ ಬದಲು ರಟ್ಟು. ಗೋಡೆಗೆ ಒರಗಿದರೆ ಈಗಲೂ ಬೆನ್ನಿಗೆ ಮಸಿ ಹತ್ತುತ್ತದೆ. ಎಂತಹ ಬೀಗವಾದರೂ ತೆಗೆಯುತ್ತಾಳೆ ಎಂದು ಅವಳಿಗೆ ಕೀಲಿ ಅಂತ ಹೆಸರಿಟ್ಟೆವು. ಅಕ್ಕ ಲ್ಯಾಬಿನ ಕೆಲಸ ಬಿಟ್ಟು ಈ ಕೆಲಸಕ್ಕೆ ಸೇರಿದ್ದು ಅವಳಿಗಾಗಿಯೇ. ಅಕ್ಕ ಇದನ್ನು ಯಾರಿಗೂ ಹೇಳಿಲ್ಲ, ನನಗೂ ಹೇಳಲಿಲ್ಲ. ಮೊದಲ ದಿನ ಮಹಡಿ ಹತ್ತಿ ಬಂದಾಗ ಅವರ ಕಣ್ಣು ಯಾರನ್ನು ಹುಡುಕಿತು ಎಂದು ನಾನೇ ನೋಡಿದೆ.

ಕೀಲಿ ತಾಯಿಗೆ ಒಂದೇ ಷರತ್ತು ಹಾಕಿದಳು. ಈ ಕೋಣೆಯೊಳಗೆ ನನ್ನನ್ನು ಮಗಳೇ ಅನ್ನಬಾರದು. ಅಕ್ಕ ಒಪ್ಪಿದರು. ಅಂದಿನಿಂದ ಅಕ್ಕ ಬಂದಾಗಲೆಲ್ಲ ಕೀಲಿ ಎದ್ದು ಹೊರಗೆ ಹೋಗುತ್ತಿದ್ದಳು. ಅಕ್ಕ ಉಳಿದವರ ಬೆರಳೆಲ್ಲ ಚುಚ್ಚಿ, ಹೊಸ ಸಿರಿಂಜುಗಳ ಪೊಟ್ಟಣ ಕೊಟ್ಟು, ಮಗಳ ಜಾಗದಲ್ಲಿದ್ದ ಖಾಲಿ ಹಾಸಿಗೆಯನ್ನು ಒಮ್ಮೆ ನೋಡಿ ಇಳಿದುಬರುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಅವಳ ಒಂದು ಹನಿ ರಕ್ತ. ಮನೆಗೆ ಬರಲಿ ಎಂಬ ಆಸೆ ಆ ಹೊತ್ತಿಗೆ ಬಿಟ್ಟಿದ್ದರು.

ಅಕ್ಕನದು ಒಂದು ಪದ್ಧತಿಯಿತ್ತು. ಫಲಿತಾಂಶವನ್ನು ಯಾರ ಎದುರಿಗೂ ಹೇಳುವುದಿಲ್ಲ. ಒಬ್ಬೊಬ್ಬರನ್ನಾಗಿ ಹಿತ್ತಲಿನ ನಲ್ಲಿಯ ಹತ್ತಿರ ಕರೆದೊಯ್ದು ಹೇಳುತ್ತಾರೆ. ಎರಡು ಗೆರೆಯವಳನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ ಮೇಲಿದ್ದವರಿಗೆ ತಿಳಿದುಹೋಗುತ್ತದಲ್ಲ, ಅದಕ್ಕೆ ಎಲ್ಲರನ್ನೂ ಒಂದು ಲೋಟ ಟೀ ಕುಡಿದು ಮುಗಿಸುವಷ್ಟು ಹೊತ್ತು ನಿಲ್ಲಿಸಿಕೊಳ್ಳುತ್ತಿದ್ದರು. ಏನೂ ಇಲ್ಲದವರಿಗೆ ಉಳಿದ ಹೊತ್ತೆಲ್ಲ ಯಜಮಾನರ ಗೊರಕೆ, ಮಂಡಿನೋವು, ಸೋಪಿನ ಬೆಲೆ ಇಂಥ ಹರಟೆ. ನನಗೆ ಆ ಗೊರಕೆಯ ಕಥೆ ಬಾಯಿಪಾಠವಾಗಿದೆ.

ಆದರೆ ಕೋಣೆಯಲ್ಲಿ ಗುಟ್ಟು ಉಳಿಯುತ್ತಿರಲಿಲ್ಲ. ಉಳಿಸಿಕೊಳ್ಳುವ ಆಸೆ ನಮಗೇ ಇರಲಿಲ್ಲ. ಯಾಕೆಂದರೆ ಕೋಣೆಗೂ ಒಂದು ಪದ್ಧತಿಯಿತ್ತು, ಅದು ಅಕ್ಕನಿಗೆ ಗೊತ್ತಿರಲಿಲ್ಲ. ಸಿರಿಂಜು ಹಂಚಿಕೊಳ್ಳಬೇಡಿ ಎಂದು ಅಕ್ಕನನ್ನು ಕಳಿಸುವ ಆಫೀಸಿನವರು ಹೇಳುತ್ತಾರೆ. ಸರಿ. ಕೊಟ್ಟದ್ದು ಮುಗಿದ ದಿನ, ಔಷಧಿ ಅಂಗಡಿಯವನು ನಮ್ಮ ಮುಖ ನೋಡಿ ಇಲ್ಲ ಎಂದ ದಿನ, ಮೈಯೆಲ್ಲ ನಡುಗುವಾಗ ಏನು ಮಾಡಬೇಕು ಎಂದು ಅವರು ಹೇಳುವುದಿಲ್ಲ. ಅಂಥ ದಿನ ಒಂದೇ ಸಿರಿಂಜಿಗೆ ಸಾಲು ನಿಲ್ಲುತ್ತಿತ್ತು. ಒಂದು ಗೆರೆಯವರು ಮೊದಲು, ಎರಡು ಗೆರೆಯವರು ಕೊನೆಗೆ, ಅವರ ಸೋಂಕು ಇನ್ನೊಬ್ಬರಿಗೆ ದಾಟದಿರಲಿ ಎಂದು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಕದಿಯುತ್ತಿದ್ದೆವು, ಬೈಯುತ್ತಿದ್ದೆವು, ಒಬ್ಬರ ಚಪ್ಪಲಿ ಇನ್ನೊಬ್ಬರು ಮಾರಿಕೊಳ್ಳುತ್ತಿದ್ದೆವು, ಆದರೆ ಆ ಸಾಲಿನಲ್ಲಿ ಮಾತ್ರ ತನ್ನ ಜಾಗ ಬಿಟ್ಟು ಮುಂದೆ ನಿಂತವಳನ್ನು ನಾನು ಕಂಡಿಲ್ಲ.

ನಾನು ಕೋಣೆ ಬಿಟ್ಟು ಅಕ್ಕನ ಜೊತೆ ಕೆಲಸಕ್ಕೆ ಸೇರಿದ ಮೇಲೆ ಒಂದು ಮಧ್ಯಾಹ್ನ ಕೀಲಿ ಎದ್ದು ಹೋಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಗುಂಡಿಯವಳು ಅವಳ ಮೊಣಕೈ ಹಿಡಿದು ಕೂರಿಸಿದಳು. ಗುಂಡಿಯವಳು ಎಂದರೆ ಗಾರ್ಮೆಂಟ್ಸಿನಿಂದ ಅಂಗಿಗಳ ಮೂಟೆ ತಂದು ಗುಂಡಿ ಹೊಲಿದುಕೊಡುವವಳು, ಎಂಟು ವರ್ಷದ ಮಗಳನ್ನು ತನ್ನ ತಾಯಿಯ ಹತ್ತಿರ ಬಿಟ್ಟವಳು. ಅವಳಿಗೆ ಪ್ರತಿ ಸಲವೂ ಒಂದೇ ಗೆರೆ, ಅದೇ ಅವಳ ಆಸ್ತಿ. ಇಷ್ಟು ದಿನ ತಪ್ಪಿಸಿಕೊಂಡಿದ್ದು ಸಾಕು ಎಂದು ಗೆಳತಿಗೆ ಗದರಿದಳು. ಕೀಲಿ ಬೇರೆಲ್ಲೋ ನೋಡುತ್ತಾ ಬೆರಳು ಚಾಚಿದಳು.

ಅಕ್ಕ ಚುಚ್ಚಿದರು, ಕಾದರು, ಎಲ್ಲರಂತೆ ಅವಳನ್ನೂ ನಲ್ಲಿಯ ಹತ್ತಿರ ಕರೆದೊಯ್ದರು. ರಟ್ಟಿನ ಸಂದಿಯಲ್ಲಿ ನನಗೆ ಮಾತು ಅರೆಬರೆ ಕೇಳಿಸುತ್ತಿತ್ತು. ಎಚ್‌ಐವಿ ಇಲ್ಲ ಅಂದರು. ಆಮೇಲೆ ಅಪ್ಪ ಅಂಗಡಿಯ ಬೋರ್ಡಿಗೆ ಬಣ್ಣ ಹೊಡೆಸಿದ್ದು, ಪಕ್ಕದ ಮನೆಯವರು ನಾಯಿ ತಂದದ್ದು. ನನ್ನ ಎದೆ ಹಗುರವಾಯಿತು. ಕೀಲಿ ಮೇಲೆ ಬಂದು ಒಂದು ಬೆರಳು ಎತ್ತಿ ತೋರಿಸಿದಳು. ಗುಂಡಿಯವಳು ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟು ನಕ್ಕಳು.

ಅದಾದ ಮುಂದಿನ ವಾರ. ಬೇರೆ ಬಡಾವಣೆಗೆ ಹೋಗುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡು, ಯಾರದೋ ವಿಷಯ ಹೇಳುವ ಹಾಗೆ ಹೇಳಿದರು. "ಅವಳಿಗೆ ಎರಡು ಗೆರೆ ಬಂದಿತ್ತು ಕಣೇ. ಹೆಪಟೈಟಿಸ್‌ದು."

ಯಾರಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಕ್ಕನ ಬಳಿ ಕಾರಣಗಳು ಸಾಲಾಗಿ ಸಿದ್ಧವಿದ್ದವು. ಮಾತ್ರೆಗೆ ಗುಣವಾಗುವ ಸೋಂಕು. ದೊಡ್ಡ ಪರೀಕ್ಷೆಗೆ ಡಾಕ್ಟರ ಹತ್ತಿರ ಮಾತಾಡಿ ಎಲ್ಲ ಗೊತ್ತುಮಾಡಿಕೊಂಡು ಹೇಳಿದರಾಯಿತು ಅಂದುಕೊಂಡರಂತೆ. ಮೊದಲ ಸಲ ಬೆರಳು ಕೊಟ್ಟಿದ್ದಾಳೆ, ಹೆದರಿ ಅಲ್ಲಿಂದಲೂ ಹೋಗಿಬಿಟ್ಟರೆ ಎಲ್ಲಿ ಹುಡುಕುವುದು ಅಂದರು. ಕಂಡವರ ಮಕ್ಕಳಿಗೆಲ್ಲ ಕಡ್ಡಿ ಮುರಿದ ಹಾಗೆ ಹೇಳುವ ಬಾಯಿ, ಸ್ವಂತ ಮಗಳೆದುರು ನಾಯಿ ಬೋರ್ಡು ಎಂದು ತೊದಲಿತ್ತು. ಇನ್ನೊಂದು ದಿನವಾಗಿದ್ದರೆ ಕನಿಕರ ಬರುತ್ತಿತ್ತೋ ಏನೋ. ನನಗೆ ಆಗ ಕಣ್ಣೆದುರು ಬಂದದ್ದು ಕೋಣೆಯ ಸಾಲು.

ಸಾಲಿನ ವಿಷಯ ನಾನು ಹೇಳಿದೆ. ಅಕ್ಕ ಅರ್ಥವಾಗದವರಂತೆ ನನ್ನ ಮುಖ ನೋಡಿದರು. ಇನ್ನೊಂದು ಸಲ ಹೇಳಿದೆ. ಒಂದು ಗೆರೆ ಅಂದುಕೊಂಡವಳು ಮೊದಲು ಚುಚ್ಚಿಕೊಳ್ಳುತ್ತಾಳೆ, ಅವಳ ಹಿಂದೆ ಉಳಿದವರು. ಅಕ್ಕ ಎದ್ದು ನಿಂತರು, ಮುಂದಿನ ಸ್ಟಾಪಿನಲ್ಲಿ ಇಳಿದೆವು, ಕೋಣೆಯ ಕಡೆ ವಾಪಸು ಹೋಗುವ ಬಸ್ಸು ಹತ್ತಿದೆವು. ಅಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜಿಪ್ಪನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ನಾನು ಚುಚ್ಚಿಕೊಳ್ಳುವುದನ್ನು ಬಿಟ್ಟಾಗಿನಿಂದ ಹೀಗೆ, ದೊಡ್ಡ ವಿಷಯಗಳು ಮರಗಟ್ಟಿದ ಕಾಲಿಗೆ ತಾಗಿದ ಹಾಗೆ ತಾಗುತ್ತವೆ.

ಮಹಡಿಯಲ್ಲಿ ಗುಂಡಿಯವಳು ರಟ್ಟು ಸರಿಸಿ ಬೆಳಕಿಗೆ ಕೂತು ಹೊಲಿಯುತ್ತಿದ್ದಳು. ಕೀಲಿ ಅವಳ ಪಕ್ಕ ಮಲಗಿದ್ದವಳು ನಮ್ಮನ್ನು ನೋಡಿ ಎದ್ದು ಕೂತಳು. ಅಕ್ಕ ನಲ್ಲಿಯ ಹತ್ತಿರ ಬಾ ಅಂದರು. ಕೀಲಿ ಬರುವುದಿಲ್ಲ, ಏನಿದ್ದರೂ ಇಲ್ಲೇ ಹೇಳು ಅಂದಳು. ಅಕ್ಕ ನಿಂತಲ್ಲೇ ಹೇಳಿದರು. ಹೆಪಟೈಟಿಸ್ ಸಿ, ಎರಡು ಗೆರೆ, ಅವತ್ತೇ ಬಂದಿತ್ತು, ಅವತ್ತೇ ಹೇಳಬೇಕಿತ್ತು. ಒಂದು ಪದವೂ ತಡವರಿಸಲಿಲ್ಲ.

ಕೀಲಿ ತಾಯಿಯ ಕಡೆ ನೋಡಲೇ ಇಲ್ಲ. ನೋಡಿದ್ದು ಗುಂಡಿಯವಳ ಕಡೆ. ಗುಂಡಿಯವಳು ಹಲ್ಲಿನಲ್ಲಿ ದಾರ ಕಡಿದು, ಸೂಜಿಯನ್ನು ಅಂಗಿಯ ಕಾಲರಿಗೆ ಸಿಕ್ಕಿಸಿದಳು.

"ಮೊನ್ನೆ ಸಿರಿಂಜ್ ಮುಗಿದಿತ್ತು," ಎಂದಳು. "ಇವಳು ಮೊದಲು, ಆಮೇಲೆ ನಾನು."

ಉಳಿದವರು ಆ ದಿನ ಕೋಣೆಯಲ್ಲಿ ಇರಲಿಲ್ಲವಂತೆ. ಇವರಿಬ್ಬರೇ. ಗುಂಡಿಯವಳು ಎಡಗೈಯನ್ನು ಅಕ್ಕನ ಮುಂದೆ ಚಾಚಿ, ಈಗಲೇ ನೋಡಿಬಿಡಿ ಅಂದಳು. ಅಕ್ಕ ಆ ಕೈ ಹಿಡಿದುಕೊಂಡರು, ಆದರೆ ಚೀಲ ತೆರೆಯಲಿಲ್ಲ. ಈಗ ನೋಡಿದರೆ ಒಂದೇ ಗೆರೆ ಬರುತ್ತದೆ, ಅದಕ್ಕೆ ಅರ್ಥವಿಲ್ಲ, ಸೋಂಕು ಪಟ್ಟಿಯಲ್ಲಿ ಕಾಣಿಸಲು ತಿಂಗಳುಗಳೇ ಬೇಕು, ದೊಡ್ಡ ಪರೀಕ್ಷೆಗೂ ಕೆಲವು ವಾರ ಕಾಯಬೇಕು ಎಂದು ಹೇಳಿದರು. ಬಂದಿದ್ದರೂ ಮಾತ್ರೆ ಇದೆ, ನಾನೇ ಜೊತೆಗೆ ಬಂದು ಕೊಡಿಸುತ್ತೇನೆ ಅಂದರು. ಗುಂಡಿಯವಳು ತಲೆಯಾಡಿಸಿದಳು. ನನ್ನ ಮಗಳನ್ನು ನೋಡಲು ಹೋಗಬಹುದಾ ಎಂದು ಕೇಳಿದಳು. ಹೋಗಬಹುದು, ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಬರುವುದಿಲ್ಲ ಎಂದು ಅಕ್ಕ ಹೇಳಿದರು. ಅವಳು ಮತ್ತೆ ತಲೆಯಾಡಿಸಿದಳು.

ಅಕ್ಕ ಈಗ ಮಗಳ ಕಡೆ ತಿರುಗಿ, ನೀನು ಹೆದರಿ ಹೋಗಿಬಿಡ್ತೀಯೇನೋ ಅಂತ, ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಕೆಳಗೆ ರಸ್ತೆಯಲ್ಲಿ ಯಾರೋ ಶಟರ್ ಎಳೆಯುತ್ತಿದ್ದರು. ಕೀಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಕೋಪವಿರಲಿಲ್ಲ ಅವಳ ಮುಖದಲ್ಲಿ, ಆ ಕೋಣೆಯಲ್ಲಿ ಯಾರ ಮುಖದಲ್ಲೂ ಏನೂ ಇರಲಿಲ್ಲ.

"ಹೇಳಿದ್ರೆ ನಾನು ಹಿಂದೆ ನಿಲ್ತಿದ್ನಲ್ಲಮ್ಮ," ಅಂದಳು.

ಅಕ್ಕ ಗುಂಡಿಯವಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅವಳು ತಾನೇ ಮೆಲ್ಲಗೆ ಬಿಡಿಸಿಕೊಂಡು, ಮೂಟೆಯಿಂದ ಮುಂದಿನ ಅಂಗಿ ಎತ್ತಿಕೊಂಡಳು.