ಮೊಳೆ ಹೊಡೆಯದ ಚಿತ್ರ

ಕೊರೋನಾ ಕಳೆದ ಮರುವರ್ಷ ನಾನಿನ್ನೂ ಚಾಮರಾಜನಗರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನಡೆಸುತ್ತಿದ್ದೆ. ಬರುತ್ತಿದ್ದವುಗಳಲ್ಲಿ ಹೆಚ್ಚಿನವು ತೀರಿಕೊಂಡವರ ಫೋಟೋಗಳೇ. ಆ ವರ್ಷ ನನ್ನ ತಮ್ಮ ಮಾದೇವನ ಫೋಟೋಗೂ ನಾನೇ ಕಟ್ಟು ಹಾಕಿದೆ.

ಅವನು ಗುಂಡ್ಲುಪೇಟೆಯಲ್ಲಿ ಲಾರಿಗಳ ಮೇಲೆ ಹೆಸರು, ಹೂಬಳ್ಳಿ ಬರೆಯುತ್ತಿದ್ದ ಪೇಂಟರ್. ಕೊನೆಗಾಲದಲ್ಲಿ ಶೆಡ್ಡಿನ ನೆಲದ ತುಂಬ ಕ್ಯಾನ್ವಾಸ್ ಹಾಸಿ, ಉಳಿದ ಎನಾಮಲ್ ಬಣ್ಣಗಳನ್ನೆಲ್ಲ ಸುರಿದು, ಎರಚಿ ಒಂದು ಚಿತ್ರ ಮಾಡಿದ್ದ. ಅಬ್‌ಸ್ಟ್ರಾಕ್ಟ್ ಎಕ್ಸ್‌ಪ್ರೆಷನಿಸಂ ಎನ್ನುವ ಬಗೆ ಅದು. ಅದರಲ್ಲಿ ಆಕಾರವಿರುವುದಿಲ್ಲ, ಕೈ ಬೀಸಿದ ರಭಸವೇ ಚಿತ್ರ.

"ಏನ್ಲಾ ಇದು?" ಎಂದು ಕೇಳಿದ್ದೆ.

"ಯಾರ ಎಸ್ರೂ ಬರೀದೆ ಒಂದ್ಸಲ ಬಣ್ಣ ಮುಟ್ಟಿ ನೋಡ್ತೀನಿ ಬುಡಣ್ಣ" ಎಂದಿದ್ದ.

ಅವನ ಹೆಂಡತಿ ನಾಗಮಣಿ ಅದನ್ನು ಮನೆಯ ಗೋಡೆಗೆ ಹಾಕಬೇಕೆಂದಳು. ನಾನು ಮರದ ಪಟ್ಟಿಗಳನ್ನು ತೆಗೆದುಕೊಂಡು ಶೆಡ್ಡಿಗೆ ಹೋದೆ. ಕ್ಯಾನ್ವಾಸನ್ನು ಚೌಕಟ್ಟಿನ ಮೇಲೆ ಬಿಗಿಯಾಗಿ ಎಳೆದು ಸುತ್ತಲೂ ಮೊಳೆ ಹೊಡೆಯಬೇಕು. ಮೊದಲ ಮೊಳೆ ಇಡುವಷ್ಟರಲ್ಲಿ ಅವಳು ಸುತ್ತಿಗೆಯನ್ನು ಕಸಿದುಕೊಂಡಳು.

ಅವಳು ಬೆರಳು ಮಾಡಿದ ಕಡೆ ನೋಡಿದೆ: ಕಪ್ಪು ಬಣ್ಣದಲ್ಲಿ ಬರಿಗಾಲಿನ ಹೆಜ್ಜೆಗಳು. ಅಂಚಿನಿಂದ ನಡುವಿನವರೆಗೆ ಹೋಗಿದ್ದವು. ಹಿಂದಿರುಗಿದ ಗುರುತಿರಲಿಲ್ಲ.

ನಮ್ಮ ಕಡೆ ಸತ್ತವರು ಮಲಗಿದ್ದ ಜಾಗದಲ್ಲಿ ಬೂದಿ ಹರಡಿ, ಬೆಳಿಗ್ಗೆ ಹೆಜ್ಜೆ ಮೂಡಿದೆಯೇ ಎಂದು ನೋಡುತ್ತಾರೆ. ಮಾದೇವನ ಬೂದಿಯಲ್ಲಿ ಏನೂ ಮೂಡಿರಲಿಲ್ಲ.

"ಅಲ್ಲಿ ಮೂಡ್ನಿಲ್ಲ, ಇಲ್ಲಿ ಮೂಡವೆ ನೋಡಿ ಭಾವ. ಮೊಳೆ ಒಡುದ್ರೆ ನಿಮ್ ತಮ್ಮ ಇದ್ರೊಳಗೇ ಸಿಕ್ಕಾಕತಾರೆ."

"ಬದುಕಿದ್ದಾಗ ತುಳ್ದವ್ನೆ ಕಣಮ್ಮಿ."

"ನೀವ್ ನೋಡಿದ್ರಾ?"

ನಾನು ನೋಡಿರಲಿಲ್ಲ. ಭೂತಗನ್ನಡಿ ಹಿಡಿದು ಮಂಡಿಯೂರಿದೆ. ಹತ್ತಿರದಿಂದ ಚಿತ್ರ ಬೇರೆಯೇ ಆಗಿತ್ತು. ಕಪ್ಪಿನಡಿ ಕೆಂಪು, ಕೆಂಪಿನಡಿ ಹಸಿರು, ಅಲ್ಲಲ್ಲಿ ಅಂಟಿಕೊಂಡ ಬ್ರಷ್ಷಿನ ಕೂದಲು. ಕೊನೆಯ ಹೆಜ್ಜೆಯ ಹಿಮ್ಮಡಿಯ ಮೇಲೆ ಹಳದಿಯ ದಪ್ಪ ಹನಿಯೊಂದು ಬಿದ್ದಿತ್ತು.

"ನೋಡು, ತುಳ್ದಮೇಲೂ ಬಣ್ಣ ಎರ್ಚವ್ನೆ. ವಾಪಸ್ ಬಂದ ಎಜ್ಜೆ ಬಣ್ಣದಡಿ ಮುಚ್ಚೋಗವೆ."

ಅವಳು ಬಗ್ಗಿ ನೋಡಿದಳು. ಮುಖ ಸಡಿಲವಾಯಿತು. "ಅಂಗಾರೆ ಒಡೀರಿ" ಎನ್ನುತ್ತ ಆ ಹನಿಯನ್ನು ಮುಟ್ಟಿದಳು.

ಬೆರಳು ಹಳದಿಯಾಯಿತು.

ಅವನು ಹೋಗಿ ಅರ್ಧ ವರ್ಷವಾಗಿತ್ತು. ದಪ್ಪಗೆ ಬಿದ್ದ ಎನಾಮಲ್ ಮೇಲೆ ಕೆನೆಗಟ್ಟಿ, ಒಳಗೆ ತಿಂಗಳುಗಟ್ಟಲೆ ಹಸಿಯಾಗಿರಬಲ್ಲದು. ಅದು ನನಗೆ ಗೊತ್ತಿದ್ದ ವಿಷಯವೇ. ಅವಳ ಬೆರಳು ತಾಗಿ ಹರಿದ ಕೆನೆಗಾಗಿ ಹುಡುಕಿದೆ. ಭೂತಗನ್ನಡಿಯಲ್ಲೂ ಕಾಣಲಿಲ್ಲ. ನಾಗಮಣಿ ಬೆರಳು ಒರೆಸಿಕೊಳ್ಳಲಿಲ್ಲ. ನಾನು ಮೊಳೆಗಳನ್ನು ಡಬ್ಬಿಗೆ ಹಾಕಿಕೊಂಡು ಎದ್ದೆ.

ಈಗ ಅಂಗಡಿ ಮುಚ್ಚಿದ್ದೇನೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಕಟ್ಟು ಹಾಕುವವನು ಅವಸರ ಮಾಡಬಾರದು, ಬಣ್ಣ ಒಣಗುವವರೆಗೆ ಕಾಯಬೇಕು. ನಾಗಮಣಿ ಆಗಾಗ ಫೋನ್ ಮಾಡುತ್ತಾಳೆ.

"ಇನ್ನೂವೆ ಒಣಗ್ನಿಲ್ಲ ಭಾವ" ಎನ್ನುತ್ತಾಳೆ.

ಕೇಳಿ ನನಗೂ ಸಮಾಧಾನವಾಗುತ್ತದೆ.